ಸ್ಪ್ರಿಂಗ್ ಎಷ್ಟು ಬಿಗಿ ಇದ್ರೆ ಸಾಕು?

ಹೋದ ತಿಂಗಳು ಊರಿಂದ ಕಾಕಾನ ಫೋನ್ ಬಂತು. "ಏನಪಾ, ಇಂಜಿನಿಯರ್ ಅಲ್ಲೇನು ನೀ? ಲಾರಿಗಿ ಟರ್ಬೊ ಕೂಡಿಸ್ಲಿಕ್ಕತ್ತೀನಿ. ವಾಲ್ವ್ ಸ್ಪ್ರಿಂಗ್ ಯಾವ್ದು ಹಾಕ್ಬೇಕು, ಜರಾ ನೋಡಿ ಹೇಳು."

ಮೆಕ್ಯಾನಿಕಲ್ ಓದಿ ಬೆಂಗಳೂರಲ್ಲಿ ಕೋಡ್ ಬರೆಯೋ ಜನರಲ್ಲಿ ನಾನೂ ಒಬ್ಬ. ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಡಿಗ್ರಿಗೆ ಸಂಬಂಧಪಟ್ಟ ಪ್ರಶ್ನೆ ಬಂದಿತ್ತು. ಖುಷಿ ಆಯ್ತು. ತಪ್ಪು ಆಗಿದ್ದೂ ಅಲ್ಲೇ.

ನಮ್ಮೂರು ಸುಲೇಪೇಟ. ಸೇಡಂ, ವಾಡಿಯ ಸಿಮೆಂಟು, ಶಹಾಬಾದಿನ ಹಾಸುಗಲ್ಲು, ಹೊಲದ ತೊಗರಿ, ಎಲ್ಲಾ ಹೊರೋದು ಲಾರಿಗಳೇ. ಕಾಕಾನದು ಹಳೇ ಟಾಟಾ, 697 ಎಂಜಿನ್. 6 ಸಿಲಿಂಡರ್, 97 ಮಿಮೀ ಬೋರ್. ಹೆಸರಲ್ಲೇ ಲೆಕ್ಕ ಇದೆ. ಟಾಟಾದವರು ಬೆಂಜ್ ಜೊತೆ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ. ಈ ಎಂಜಿನ್‌ನ ಮೂಲವೂ ಬೆಂಜ್‌ದೇ. ಅವರ ಮನೆ ನಡೆಯೋದು ಈ ಒಂದು ಗಾಡಿ ಮೇಲೆ.

ಕಾಕಾಗೆ ಎರಡು ಆಸೆ. ಟರ್ಬೊ ಹಾಕಬೇಕು, ಜೊತೆಗೆ ಪಂಪಿನ ಗವರ್ನರ್ ಏರಿಸಿ ಎಂಜಿನ್ ಜಾಸ್ತಿ ತಿರುಗಿಸಬೇಕು. ನಾನು ಎಕ್ಸೆಲ್ ತೆಗೆದೆ.

ವಾಲ್ವ್ ತೆರೆಯೋದು ಕ್ಯಾಮ್, ಮುಚ್ಚೋದು ಸ್ಪ್ರಿಂಗ್. ವೇಗ ಜಾಸ್ತಿಯಾದಾಗ ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮಿನ ಹಿಂದೆ ಬರೋದಿಲ್ಲ, ತೇಲುತ್ತೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೆ ಉಳಿಯೋ ಜಾಗ ತೀರಾ ಕಡಿಮೆ. ತೇಲಿದ ವಾಲ್ವ್ ಪಿಸ್ಟನ್‌ಗೆ ಬಡೀತು ಅಂದ್ರೆ ಎಂಜಿನ್ ಮುಗೀತು. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 2800 ಆರ್‌ಪಿಎಂನಿಂದ 3400ಕ್ಕೆ ಹೋದರೆ ವೇಗ ಹೆಚ್ಚೋದು 21%, ಬಲ ಮಾತ್ರ ಸುಮಾರು 47%.

ಹಾಗಾದ್ರೆ ಸಿಗೋದರಲ್ಲಿ ಅತಿ ಬಿಗಿ ಸ್ಪ್ರಿಂಗೇ ಸೈ ಅಂದ್ಕೊಂಡು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಪಾರ್ಸೆಲ್ ಹಿಡ್ಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿಟ್ಟಿದ್ರು. ಮಿಸ್ತ್ರಿ ನನ್ನ ಎಕ್ಸೆಲ್ ನೋಡಲೇ ಇಲ್ಲ. ಡ್ರಿಲ್ ಪ್ರೆಸ್ ಕೆಳಗೆ ತೂಕದ ಕಾಟಾ ಇಟ್ಟು, ಅದರ ಮೇಲೆ ಹಳೇ ಸ್ಪ್ರಿಂಗ್ ನಿಲ್ಲಿಸಿ, ಹೆಡ್‌ನಲ್ಲಿ ಕೂರುವ ಎತ್ತರಕ್ಕೆ ಒತ್ತಿ ಕಿಲೋ ಓದಿದ. 12 ವಾಲ್ವ್‌ಗಳ ಪೈಕಿ ಮೂರರ ಸ್ಪ್ರಿಂಗ್ ಉಳಿದವಕ್ಕಿಂತ ಸಾಕಷ್ಟು ಕಡಿಮೆ ತೋರಿಸಿದವು. "ಮೊದಲ ಇದು ನೋಡ್ಬೇಕ್ರಿ. ಇದ್ದದ್ದೇ ಸೋತಾವ."

ಆಮೇಲೆ ನನ್ನ ಸ್ಪ್ರಿಂಗ್ ಸರದಿ. ವಾಲ್ವ್ ಪೂರ್ತಿ ತೆರೆದಾಗ ಇರುವ ಎತ್ತರಕ್ಕೆ ಒತ್ತಿದ. ಸುತ್ತುಗಳ ನಡುವೆ ಎಲ್ಲಾ ಸೇರಿ ಅರ್ಧ ಮಿಮೀನೂ ಉಳೀಲಿಲ್ಲ. ಕನಿಷ್ಠ 1.5 ಮಿಮೀ ಬೇಕು. ತಂತಿ 10% ದಪ್ಪ ಆದ್ರೆ, ಬೇರೆಲ್ಲ ಹಾಗೇ ಇದ್ರೆ, ಬಿಗಿ 46% ಹೆಚ್ಚುತ್ತೆ. ಆದ್ರೆ ದಪ್ಪ ತಂತಿ ಜಾಗವನ್ನೂ ತಿನ್ನುತ್ತೆ. ನಾನು ಬಿಗಿ ನೋಡಿದ್ದೆ, ಜಾಗ ನೋಡಿರಲಿಲ್ಲ.

"ಇದು ಹಾಕಿದ್ರ ಪುಶ್‌ರಾಡ್ ಬಾಗ್ತದ. ಬಾಗಲಿಲ್ಲ ಅಂದ್ರೂ ಕ್ಯಾಮ್, ಟ್ಯಾಪೆಟ್ ತಿಂದು ಹಾಕ್ತದ" ಅಂದ ಮಿಸ್ತ್ರಿ. ಕಲ್ಲು ತುಂಬಿದ ಗಾಡಿ ಹೈದರಾಬಾದ್ ರೋಡಿನಲ್ಲಿ ರಾತ್ರಿ ನಿಂತಿದ್ರೆ? ಕಾಕಾ ನನ್ನ ಮುಖ ನೋಡಿದ. ನಾನು ಕಾಟಾ ನೋಡಿದೆ.

ಕೊನೆಗೆ ಮೂವರೂ ಕೂತು ಲೆಕ್ಕ ಹಾಕಿದ್ವಿ. ಮಾಲು ಎಳೆಯೋ ಗಾಡಿಗೆ ಬೇಕಾದ್ದು ಟಾರ್ಕ್. ಟರ್ಬೊದಿಂದ ಅದು ಕಡಿಮೆ ಆರ್‌ಪಿಎಂನಲ್ಲೇ ಸಿಗುತ್ತೆ. ಹಾಗಾಗಿ ಗವರ್ನರ್ ಕಂಪನಿ ಇಟ್ಟಲ್ಲೇ ಇರಲಿ ಅಂತ ಆಯ್ತು. ಆ 47% ಪ್ರಶ್ನೆ ಅಲ್ಲಿಗೇ ಹೋಯ್ತು.

ಉಳಿದದ್ದು ಬೂಸ್ಟ್. ಮುಚ್ಚಿದ ಇಂಟೇಕ್ ವಾಲ್ವ್‌ನ ಬೆನ್ನಿಗೆ ಟರ್ಬೊ ಗಾಳಿ ಒತ್ತುತ್ತೆ. ವಾಲ್ವ್ ತಲೆ 42 ಮಿಮೀ ಅಗಲ, ಬೂಸ್ಟ್ 1 ಬಾರ್ ಅಂತ ಹಿಡಿದರೆ ಸುಮಾರು 14 ಕಿಲೋ. ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಾದ್ರೆ ಎಕ್ಸಾಸ್ಟ್ ವಾಲ್ವ್ ಲೆಕ್ಕವನ್ನೂ ಬೇರೆ ಹಾಕಬೇಕು. ಅಲ್ಲಿ ಒತ್ತಡ ಇನ್ನೂ ಜಾಸ್ತಿ. ವಾಲ್ವ್ ಮುಚ್ಚಿದಾಗಿನ ಹಿಡಿತ ಅಷ್ಟು ಏರಿದರೆ ಸಾಕು. ಪೂರ್ತಿ ತೆರೆದಾಗ ಬೇಕಿಲ್ಲದ ಬಿಗಿ ಬೇಡ. 12ಕ್ಕೂ ಒಂದೇ ತರಹದ ಹೊಸ ಸ್ಪ್ರಿಂಗ್ ತರಿಸಿ, ಒಂದೊಂದನ್ನೂ ಕಾಟಾ ಮೇಲೆ ನೋಡಿಯೇ ಹಾಕಿದ್ವಿ.

ಇನ್ನೊಂದು ಮಾತು. ಎಂಜಿನ್‌ಗೆ ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸೋದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಕಾಕಾನ ಕಾಗದ ಅಲ್ಲಿಗೆ ಹೋಗಿದೆ. ಉತ್ತರ ಬರೋ ತನಕ ಟರ್ಬೊ ಗ್ಯಾರೇಜಿನ ಮೂಲೆಯಲ್ಲೇ ಇದೆ. ಲಾರಿ ಮಾತ್ರ ಹೊಸ ಸ್ಪ್ರಿಂಗ್ ಹಾಕ್ಕೊಂಡು ಓಡ್ತಾ ಇದೆ. "ಟರ್ಬೊ ಇಲ್ದೇನೇ ಮೊದಲಿಗಿಂತ ಛಲೋ ಎಳೀತದಪಾ" ಅಂತ ಕಾಕಾ ನಿನ್ನೆ ಫೋನ್ ಮಾಡಿದ್ದ. ಸೋತ ಮೂರು ಸ್ಪ್ರಿಂಗ್ ಬದಲಾದದ್ದಕ್ಕೇ ಇರಬೇಕು.

ನನ್ನ ದುಬಾರಿ ಸ್ಪ್ರಿಂಗ್‌ಗಳನ್ನ ವಾಪಸ್ ಕಳಿಸಿದೆ. ಕೊರಿಯರ್ ಖರ್ಚು ನಂದೇ. ನಿಮ್ಮ ಮನೇಲೂ ಯಾರಾದ್ರೂ ಗಾಡಿ ಬಗ್ಗೆ ಕೇಳಿದ್ರೆ, ಆರ್ಡರ್ ಬಟನ್ ಒತ್ತೋ ಮುಂಚೆ ಒಂದು ಸಲ ಮಿಸ್ತ್ರಿಗೆ ಫೋನ್ ಮಾಡಿ.