ಅಬುವಿಗೇಕೆ ರಾಜಕುಮಾರಿ ಸಿಗಲಿಲ್ಲ?

'ನಮ್ಮ ಮೈಸೂರಿನ ಹುಡುಗ ಹಾಲಿವುಡ್ಡನ್ನೇ ಗೆದ್ದುಬಿಟ್ಟ' ಎಂದು ಸಾಬು ದಸ್ತಗೀರನ ಬಗ್ಗೆ ಯಾರಾದರೂ ಎದೆಯುಬ್ಬಿಸಿ ಹೇಳಿದರೆ ನಾನೂ ತಲೆಯಾಡಿಸುತ್ತಿದ್ದೆ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ, ಮಹಾರಾಜರ ಆನೆಲಾಯದ ಹುಡುಗ, 1937ರ 'ಎಲಿಫೆಂಟ್ ಬಾಯ್'ನಿಂದ ಜಗತ್ತಿಗೇ ಪರಿಚಿತನಾದ. ಹೆಮ್ಮೆಯಾಗದೆ ಇರುತ್ತದೆಯೇ? ಆದರೆ ಮೊನ್ನೆ ರಜೆಯಲ್ಲಿ ತಂಗಿಯ ಮಗ 1940ರ 'ದಿ ಥೀಫ್ ಆಫ್ ಬಾಗ್ದಾದ್' ಹಾಕಿಕೊಟ್ಟ. ನೋಡುತ್ತ ನೋಡುತ್ತ ನನಗೆ ಸಿಟ್ಟು ಬಂತು.

ಇದೇ ಹೆಸರಿನ ಮೂಕಿಚಿತ್ರವೊಂದು ಸಾಬು ಹುಟ್ಟಿದ ವರ್ಷವೇ ಬಂದಿತ್ತು. ಅದರಲ್ಲಿ ಕಳ್ಳ ಡಗ್ಲಾಸ್ ಫೇರ್‌ಬ್ಯಾಂಕ್ಸ್. ಅವನೇ ಕದಿಯುತ್ತಾನೆ, ಅವನೇ ಸಾಹಸ ಮಾಡುತ್ತಾನೆ, ಕೊನೆಗೆ ರಾಜಕುಮಾರಿಯೂ ಅವನಿಗೇ. ಲಂಡನ್ನಿನಲ್ಲಿ ಶುರುವಾಗಿ, ಯುದ್ಧದ ದೆಸೆಯಿಂದ ಹಾಲಿವುಡ್ಡಿನಲ್ಲಿ ಮುಗಿದ ಕೊರ್ಡಾನ ಚಿತ್ರದಲ್ಲಿ ಕಳ್ಳ ನಮ್ಮ ಸಾಬು. ಆಗ ಏನು ಮಾಡಿದರು ನೋಡಿ. ಒಂದು ಪಾತ್ರವನ್ನು ಸೀಳಿ ಎರಡು ಮಾಡಿದರು. ಕದಿಯುವುದು, ಜೇಡರಬಲೆ ಹತ್ತುವುದು, ಭೂತವನ್ನು ಬಗ್ಗಿಸುವುದು, ಹಾರುವ ಚಾಪೆಯಿಂದ ಬಾಣ ಬಿಟ್ಟು ಖಳನನ್ನು ಕೊಲ್ಲುವುದು, ಎಲ್ಲ ಅಬುವಿನ ಪಾಲಿಗೆ. ಪ್ರೀತಿಸುವುದು ಮಾತ್ರ ಜಾನ್ ಜಸ್ಟಿನ್ ಎಂಬ ಇಂಗ್ಲಿಷಿನವನ ಪಾಲಿಗೆ. ಬಾಗ್ದಾದಿನ ರಾಜ ಅವನಂತೆ! ಬಸ್ರಾದ ರಾಜಕುಮಾರಿಯೂ ಇಂಗ್ಲಿಷಿನವಳೇ, ಜೂನ್ ಡುಪ್ರೆ. (ಕೊನೆಯಲ್ಲಿ ರಾಜ ಅಬುವನ್ನು ಶಾಲೆಗೆ ಕಳಿಸುತ್ತೇನೆ ಎನ್ನುತ್ತಾನೆ, ಹುಡುಗ ಚಾಪೆ ಹತ್ತಿ ಪರಾರಿ. ಮೇಷ್ಟ್ರಾದ ನನಗೂ ನಗು ಬಂತು.)

'ಸಾಬು ಆಗಿನ್ನೂ ಹುಡುಗ, ಪ್ರೇಮ ಎಲ್ಲಿಂದ ಬರಬೇಕು?' ಎಂದು ತಂಗಿಯ ಮಗ ವಾದಿಸಿದ. ಒಪ್ಪೋಣ. 1942ರ 'ಅರೇಬಿಯನ್ ನೈಟ್ಸ್' ಹೊತ್ತಿಗೆ ಅವನಿಗೆ ಹದಿನೆಂಟು, 1944ರ 'ಕೋಬ್ರಾ ವುಮನ್' ಹೊತ್ತಿಗೆ ಇಪ್ಪತ್ತು. ಆಗಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್. ಸಾಬು ಚಿಂಪಾಂಜಿಯ ಜೊತೆ ಹಿಂದೆ ಓಡಾಡುವ ಸಂಗಾತಿ. ಅದೇ ವರ್ಷ ಅಮೆರಿಕದ ಪ್ರಜೆಯಾಗಿ, ಅವರ ಯುದ್ಧವಿಮಾನದ ಬಾಲದಲ್ಲಿ ಕೂತು ತುಪಾಕಿ ಹಾರಿಸಿ, ಪದಕ ಪಡೆದ ಗಂಡಸು ಅವನು. ಯುದ್ಧಕ್ಕೆ ಆಗಿಬಂದ ವಯಸ್ಸು ಪ್ರೇಮಕ್ಕೆ ಆಗಿಬರಲಿಲ್ಲವೇ?

ಹೆಣ್ಣುಮಕ್ಕಳ ಪಾಡೂ ಇದೇ. 1924ರ ಆ ಚಿತ್ರದಲ್ಲೇ ಚೀನೀ ಮೂಲದ ಆನಾ ಮೇ ವಾಂಗ್ ಇದ್ದಾಳೆ. ರಾಜಕುಮಾರಿಯಾಗಿ ಅಲ್ಲ, ಕುತಂತ್ರಿ ದಾಸಿಯಾಗಿ. 1937ರಲ್ಲಿ ಚೀನಾದ ರೈತರ ಕಥೆ 'ದಿ ಗುಡ್ ಅರ್ತ್' ತೆಗೆದಾಗಲಾದರೂ ಅವಳನ್ನು ನಾಯಕಿ ಮಾಡಬೇಕಿತ್ತು. ಆ ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಆಸ್ಕರ್ ಸಮೇತ. ಬಿಳಿಯರು ಕರಿಯರು ಕೂಡುವುದನ್ನು ತೋರಿಸಕೂಡದು ಎಂಬ ಲಿಖಿತ ನಿಯಮವೇ ಆ ಚಿತ್ರೋದ್ಯಮದಲ್ಲಿ 1956ರವರೆಗೆ ಇತ್ತು. ಅದರ ನೆರಳು ನಮ್ಮ ಏಷ್ಯಾದವರ ಮೇಲೂ ಬಿತ್ತು. 'ಅದು ಆ ಕಾಲ, ಬಿಡಿ' ಎನ್ನುತ್ತಾರೆ. ಬಿಡುವುದು ಹೇಗೆ? ಆನಾ ಮೇ ವಾಂಗ್ ಬದುಕಿದ್ದೂ ಆ ಕಾಲದಲ್ಲೇ ಅಲ್ಲವೇ? ಅವಳಿಗೇನು ನೋವಾಗಲಿಲ್ಲವೇ?

ಬೈಯುತ್ತ ಕೂತಿದ್ದ ನನ್ನ ಬಾಯಿ ಕಟ್ಟಿದ್ದು ಒಂದು ನೆನಪು. ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವಕ್ಕೆ ಶಕುಂತಲೆಯ ನಾಟಕ ಮಾಡಿಸಿದ್ದೆ. ಏಳನೇ ತರಗತಿಯ ಒಬ್ಬಳಿಗೆ ಇಡೀ ನಾಟಕ ಬಾಯಿಪಾಠ. ಕಪ್ಪು ಹುಡುಗಿ. 'ನೀನು ಸಖಿ ಆಗಮ್ಮ, ಚೆನ್ನಾಗಿ ಒಪ್ಪುತ್ತೆ' ಎಂದವಳು ನಾನೇ. ಶಕುಂತಲೆಯಾದ ಬೆಳ್ಳನೆಯ ಹುಡುಗಿ ರಂಗದ ಮೇಲೆ ಮೂರು ಸಲ ಮಾತು ಮರೆತಳು. ಮೂರು ಸಲವೂ ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಸಖಿಯೇ ತುಟಿ ಅಲುಗಿಸದಂತೆ ಹೇಳಿಕೊಟ್ಟಳು. ಚಪ್ಪಾಳೆ ಬಿದ್ದಾಗ ನಾನು ಶಕುಂತಲೆಯನ್ನು ಮುಂದಕ್ಕೆ ಕರೆದೆ.

ಆ ಫೋಟೋ ಇನ್ನೂ ನನ್ನ ಬೀರುವಿನಲ್ಲಿದೆ. ಸಖಿ ತುದಿಯಲ್ಲಿ ನಿಂತಿದ್ದಾಳೆ, ಅರ್ಧ ಮುಖ ಕಾಣುತ್ತದೆ.