ಸಂಘದ ಪುಸ್ತಕ ಓದುವವರು

ಪರೀಕ್ಷೆಗಳು ಮುಗಿದು ಕಾಲೇಜಿನ ಬಾಗಿಲಿಗೆ ಬೀಗ ಬಿದ್ದೊಡನೆ ವಿದ್ಯಾರ್ಥಿಗಳ ಸೇವಾಶಿಬಿರಗಳು ಹಳ್ಳಿಗಳತ್ತ ಹೊರಡುವುದುಂಟು. ಮಂಡ್ಯ ಜಿಲ್ಲೆ ಇದಕ್ಕೆ ಬಹು ಅನುಕೂಲವಾದ ಸೀಮೆ. ಬೆಂಗಳೂರಿನಿಂದ ರೈಲು ಹತ್ತಿದರೆ ಮದ್ದೂರು, ಮಂಡ್ಯ ಎರಡೂ ದಾರಿಯಲ್ಲಿಯೇ ಸಿಗುತ್ತವೆ. ಮಳವಳ್ಳಿಗೆ ಹೋಗುವವರು ಮಾತ್ರ ಮದ್ದೂರಿನಲ್ಲಿಳಿದು, ವಡೆಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಕೆ. ಎಂ. ದೊಡ್ಡಿಯ ಮಾರ್ಗವಾಗಿ ಬಸ್ಸಿನಲ್ಲಿ ಸಾಗಬೇಕು. ವಡೆಯ ಪ್ರಸ್ತಾಪವಿಲ್ಲದ ಶಿಬಿರದ ವರದಿಯನ್ನು ಯಾವ ವಿದ್ಯಾರ್ಥಿಯೂ ಬರೆದಿರಲಾರನು.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಕಟ್ಟಳೆ ಸರಳವಾದುದು: ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಅದರೊಡನೆ ಏಳು ದಿನಗಳ ವಿಶೇಷ ಶಿಬಿರ. ಆ ಏಳು ದಿನಗಳಲ್ಲಿ ಚರಂಡಿ ಶುಚಿಯಾಗುತ್ತದೆ, ಶಾಲೆಯ ಗೋಡೆಗೆ ಸುಣ್ಣ ಬೀಳುತ್ತದೆ, ಸಂಜೆ ನಾಟಕ ನಡೆಯುತ್ತದೆ. ನಡುವೆ ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಮಹಿಳೆಯರ ಏಳಿಗೆಯನ್ನು ಕುರಿತು ಉಪನ್ಯಾಸ. ಆ ಹೊತ್ತಿನಲ್ಲಿ ಮಹಿಳೆಯರು ಗದ್ದೆಯಲ್ಲಿ ನಾಟಿಗೆ ಬಗ್ಗಿರುತ್ತಾರೆ. ಉಪನ್ಯಾಸವನ್ನು ಶಿಬಿರಾರ್ಥಿಗಳೂ ಅರಳಿಕಟ್ಟೆಯ ಮೇಲಿನ ಇಬ್ಬರು ಮುದುಕರೂ ಕೇಳಿ ಚಪ್ಪಾಳೆ ತಟ್ಟುತ್ತಾರೆ.

ಮಹಿಳೆಯರು ಸೇರುವ ಹೊತ್ತು ಬೇರೆ. ಸಂಜೆಯ ಹಾಲು ಡೈರಿಗೆ ಹೋಗಿ, ಮುದ್ದೆ ಬೆಂದು, ಮಕ್ಕಳು ಉಂಡ ಮೇಲೆ ಯಾರದೋ ಜಗಲಿಯಲ್ಲಿ ಚಾಪೆ ಬೀಳುತ್ತದೆ. ಹತ್ತರಿಂದ ಇಪ್ಪತ್ತು ಮಂದಿ, ಒಂದು ತಗಡಿನ ಪೆಟ್ಟಿಗೆ, ಒಂದು ಪುಸ್ತಕ. ಇಂಥ ಸಂಘಗಳಿಗೆ ಬ್ಯಾಂಕಿನ ಬಾಗಿಲು ತೆರೆಯುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಕೈಗೊಂಡಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ಅಲೆದು ಸಂಘಗಳನ್ನು ಕಟ್ಟಿದರು. ಸಂಘಕ್ಕೆ ಐದು ನೇಮಗಳುಂಟು: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗಿಂದೊಳಗೆ ಸಾಲ, ಕಾಲಕ್ಕೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕ. ಮೊದಲಿನ ನಾಲ್ಕನ್ನು ಎಲ್ಲರೂ ಕಣ್ಣಾರೆ ಕಾಣಬಹುದು. ಐದನೆಯದು ಅಕ್ಷರ ಬಲ್ಲ ಒಬ್ಬಾಕೆಯ ಕೈಯಲ್ಲಿರುತ್ತದೆ. ಉಳಿದವರು ಅವಳ ಮುಖವನ್ನು ನೋಡಿ ನಂಬಬೇಕು. ಅವಳು ಎಷ್ಟೇ ಪ್ರಾಮಾಣಿಕಳಾಗಿರಲಿ, ಒಂದು ಕಂತು ಬರೆಯಲು ಮರೆತರೆ ಸಾಕು, ಗುಮಾನಿ ಹುಟ್ಟುತ್ತದೆ. ಪೆಟ್ಟಿಗೆಯಿಂದ ಒಂದು ಕಾಸೂ ಹೋಗದೆ ಗುಮಾನಿಯೊಂದರಿಂದಲೇ ಸಂಘ ಒಡೆಯಬಹುದು.

ಲೆಕ್ಕದ ಮಾತು ಪುಸ್ತಕಕ್ಕಷ್ಟೇ ನಿಲ್ಲುವುದಿಲ್ಲ. ಒಬ್ಬಾಕೆ 12,000 ರೂಪಾಯಿಗಳನ್ನು ಹನ್ನೆರಡು ಕಂತುಗಳ ಮೇಲೆ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಪಡೆದಳೆನ್ನೋಣ. ಪ್ರತಿ ತಿಂಗಳೂ 1,000 ರೂಪಾಯಿ ಅಸಲು ತೀರುತ್ತಿದ್ದರೂ ಬಡ್ಡಿಯನ್ನು ಕೊನೆಯವರೆಗೆ ಪೂರ್ಣ ಮೊತ್ತಕ್ಕೇ ಹಾಕಿದರೆ ತಿಂಗಳಿಗೆ 240ರಂತೆ ವರ್ಷಕ್ಕೆ 2,880 ರೂಪಾಯಿ. ಉಳಿದ ಅಸಲಿಗೆ ಮಾತ್ರ ಹಾಕಿದರೆ ಮೊದಲ ತಿಂಗಳು 240, ಮರುತಿಂಗಳು 220, ಹೀಗೆ ಇಳಿಯುತ್ತ ಕಡೆಯ ತಿಂಗಳು 20. ಒಟ್ಟು 1,560 ರೂಪಾಯಿ. ಅಂತರ 1,320 ರೂಪಾಯಿ. ಹಳ್ಳಿಯ ಬಾಯಲ್ಲಿ ಎರಡರ ಹೆಸರೂ ಒಂದೇ, ಎರಡು ರೂಪಾಯಿ ಬಡ್ಡಿ. ಸಂಘದೊಳಗಿನ ಬಡ್ಡಿಯಾದರೂ ಸಂಘದ ಪೆಟ್ಟಿಗೆಗೇ ಮರಳುತ್ತದೆ. ಮನೆಬಾಗಿಲಿಗೆ ಬಂದು ಸಾಲ ಕೊಡುವ ಸಂಸ್ಥೆಗಳ ಬಡ್ಡಿಗೆ ಆ ಸಮಾಧಾನವೂ ಇಲ್ಲ. ಮಂಡ್ಯವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ವಸೂಲಿಗಾರರ ಕಿರುಕುಳದ ದೂರುಗಳು ಹೆಚ್ಚಿ, 2025ರ ಫೆಬ್ರವರಿಯಲ್ಲಿ ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ವಸೂಲಿಗಾರನನ್ನು ತಡೆದೀತು; ಸಹಿ ಹಾಕುವ ಮುನ್ನ ಕಾಗದದಲ್ಲಿ ಏನಿದೆಯೆಂದು ಓದಿ ಹೇಳುವ ಕೆಲಸ ಬೇರೆಯವರದು.

ಆ ಕೆಲಸಕ್ಕೆ ವಿದ್ಯಾರ್ಥಿಗಳಿಗಿಂತ ತಕ್ಕವರು ಯಾರು? ಇಂದಿನ ವಿದ್ಯಾರ್ಥಿನಿಯರಲ್ಲಿ ವಾಣಿಜ್ಯಶಾಸ್ತ್ರ ಓದುತ್ತಿರುವವರು ಬೇಕಾದಷ್ಟು ಮಂದಿ. ಆದರೆ ಇಲ್ಲೊಂದು ಮೋಹವುಂಟು. ಹಳೆಯ ಪುಸ್ತಕವನ್ನು ಕಂಡೊಡನೆ ಹೊಸ ಪುಸ್ತಕ ತಂದು, ಕೆಂಪು ಗೆರೆ ಎಳೆದು, ಮುತ್ತಿನಂಥ ಅಕ್ಷರಗಳಲ್ಲಿ ತಾವೇ ಬರೆದುಕೊಡುವ ಉತ್ಸಾಹ. ಏಳನೆಯ ದಿನ ಬಸ್ಸು ಹೊರಟ ಮೇಲೆ ಆ ಚೆಂದದ ಪುಸ್ತಕದ ಎಂಟನೆಯ ಪುಟ ಖಾಲಿ ಉಳಿಯುತ್ತದೆ. ಅದಕ್ಕಿಂತ, “ಎಲ್ಲಾ ಬರ್ದದೆ ಅಂತಾರೆ ಕನವ್ವ, ಏನ್ ಬರ್ದದೆ ಅಂತ ಒಂದ್ ಕಿತ ಓದ್ಬುಡು” ಎಂದು ಅಜ್ಜಿಯೊಬ್ಬರು ಕೇಳಿದಾಗ, ಅವರ ಪಕ್ಕದಲ್ಲಿ ಕುಳಿತು ಅವರ ಸಾಲನ್ನು ಮೆಲ್ಲನೆ ಓದಿ ಹೇಳುವುದು ಮೇಲು. ಮೆಲ್ಲನೆ ಎಂದದ್ದಕ್ಕೆ ಕಾರಣವುಂಟು: ಯಾರ ಕಂತು ಬಾಕಿಯೆಂಬುದು ಸಂಘಕ್ಕೆ ತಿಳಿದಿರಬೇಕಾದ ವಿಷಯ, ಜಗಲಿಯಾಚೆಯ ಬೀದಿಗಲ್ಲ. ಹಾಗೆಯೇ ಬರೆಯುವಾಕೆಯನ್ನು ಎಲ್ಲರೆದುರು ತಿದ್ದಹೋಗಬಾರದು. ಅವಳು ವರ್ಷಗಟ್ಟಲೆ ಕೂಲಿಯಿಲ್ಲದೆ ಹೊತ್ತ ಹೊರೆ ಅದು. ಅವಳೊಡನೆ ಇನ್ನಿಬ್ಬರು ಸದಸ್ಯೆಯರು ಅಂಕಿ ಕೂಡಿಸುವುದನ್ನು ಕಲಿತರೆ ಅವಳ ಹೊರೆಯೂ ಇಳಿದೀತು.

ಇದಕ್ಕೆ ಹಗಲಿನ ಶಿಬಿರ ಸಾಲದು. ರಾತ್ರಿ ಒಂಬತ್ತರ ಜಗಲಿಗೆ ವಿದ್ಯಾರ್ಥಿನಿಯರನ್ನು ಕಳುಹಿಸಲು ಶಿಬಿರಾಧಿಕಾರಿಗಳು ಹಿಂದೆಮುಂದೆ ನೋಡುವುದು ಸಹಜ. ಅಂಗನವಾಡಿಯ ಅಕ್ಕ ಜೊತೆಗಿದ್ದರೆ ಆ ಅಂಜಿಕೆ ತಗ್ಗೀತು. ವರದಿಗೂ ಸ್ವಲ್ಪ ತೊಂದರೆ. ಸುಣ್ಣ ಬಳಿದ ಗೋಡೆಯ ಭಾವಚಿತ್ರ ಚೆನ್ನಾಗಿ ಬರುತ್ತದೆ. ಬಡ್ಡಿಯ ಲೆಕ್ಕ ಅರ್ಥವಾದ ಮುಖದ ಭಾವಚಿತ್ರಕ್ಕೆ ಅಡಿಬರಹ ಬರೆಯುವುದು ಕಷ್ಟ.

ಸಮಾರೋಪದ ದಿನ ಶಾಮಿಯಾನದ ಕೆಳಗೆ ಹಾರ, ಶಾಲು, ಭಾಷಣಗಳು ನಡೆಯುತ್ತಿರುವಾಗ ಪುಸ್ತಕ ಮತ್ತೆ ಪೆಟ್ಟಿಗೆ ಸೇರಿರುತ್ತದೆ. ಮುಂದಿನ ವಾರ ಅದನ್ನು ತೆರೆದಾಗ, ಬರೆಯುವಾಕೆ ಮೊತ್ತವನ್ನು ಹೇಳುವ ಮೊದಲೇ ಪಕ್ಕದವಳೊಬ್ಬಳು ಬೆರಳು ಮಡಿಸಿ ಎಣಿಸುತ್ತಿರುವಳೇ ಎಂಬುದನ್ನು ನೋಡಲು ಶಿಬಿರದವರಾರೂ ಅಲ್ಲಿರುವುದಿಲ್ಲ.