ಅಜ್ಜಿಯ ಮೈಬಣ್ಣ ಬದಲಿಸಬೇಡಿ

ಯಲಹಂಕದಿಂದ ರಾಜಾನುಕುಂಟೆ ಕಡೆ ಹೋಗುವಾಗ 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್‌ಗಳನ್ನು ನೀವೂ ನೋಡಿರುತ್ತೀರಿ. ಜೀವಮಾನವಿಡೀ ಬಿಸಿಲಲ್ಲಿ ಕಳೆ ಕಿತ್ತ ಅಜ್ಜಿ ಅಲ್ಲಿ ಬೆಳ್ಳಗೆ, ಒಂದು ಸುಕ್ಕೂ ಇಲ್ಲದೆ ಕೂತಿರುತ್ತಾರೆ. ಅದು ಮೊಬೈಲ್ ಫಿಲ್ಟರಿನ ಕೆಲಸ. ನಾಳೆ ಮರಿಮಕ್ಕಳ ಮನೆ ಗೋಡೆಯಲ್ಲಿ ಉಳಿಯುವುದೂ ಅದೇ ಮುಖ. ನಮ್ಮವರ ಮೈಬಣ್ಣಕ್ಕೆ ನಾವೇ ನಾಚಿಕೆಪಟ್ಟಂತಲ್ಲವೇ ಇದು?

ನಮ್ಮ ಹಳ್ಳಿ ಹುಡುಗ ಹುಡುಗಿಯರು ಎಣ್ಣೆಬಣ್ಣದಲ್ಲಿ ಭಾವಚಿತ್ರ ಬರೆಯಲು ಕಲಿಯಬೇಕು ಎಂದು ನಾವು ಹೇಳುವುದು ಇದಕ್ಕೇ. ಆ ಕಲೆ ಮೊದಲು ಕಲಿಸುವುದು ಇದ್ದದ್ದನ್ನು ಇದ್ದಂತೆ ನೋಡುವುದನ್ನು.

ಶುರುವಿಗೆ ಪೆನ್ಸಿಲ್, ನೋಟ್‌ಬುಕ್ ಸಾಕು. ಕಣ್ಣು ಕಿರಿದು ಮಾಡಿ ನೋಡಿ, ಮುಖದಲ್ಲಿ ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಎಂದು ಗುರುತಿಸಿ. ಅದು ಕೈಗೆ ಹತ್ತಿದ ಮೇಲೆ ಬಣ್ಣ. 'ಮೈಬಣ್ಣ' ಅಂತ ಒಂದೇ ಟ್ಯೂಬ್ ಕೊಂಡರೆ ಆಗದು. ಕಪ್ಪು ಮೈಯಲ್ಲೂ ಕೆಮ್ಮಣ್ಣಿನ ಕೆಂಪು, ಹಳದಿ, ಕಂದು ಇರುತ್ತವೆ. ಹಣೆಗೆ ಆಕಾಶದ ಬೆಳಕು ಬಿದ್ದರೆ ತುಸು ನೀಲಿಯೂ ಕಾಣುತ್ತದೆ. ಬರೀ ಕಪ್ಪು ಬೆರೆಸಿದರೆ ಮುಖ ಮಸಿ ಹಿಡಿದ ಪಾತ್ರೆಯಂತಾಗುತ್ತದೆ.

ಈ ಬಣ್ಣಕ್ಕೆ ಸಾಮಾನ್ಯವಾಗಿ ಬಳಸುವುದು ಅಗಸೆ ಎಣ್ಣೆ. ಅದು ನೀರಿನಂತೆ ಆವಿಯಾಗದೆ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ತಪ್ಪು ತಿದ್ದಲು ಸಮಯ ಸಿಗುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ ಇರಲಿ, ಮೇಲಿನದರಲ್ಲಿ ಹೆಚ್ಚಿರಲಿ. ಉಲ್ಟಾ ಆದರೆ ಚಿತ್ರ ಬಿರುಕು ಬಿಡುತ್ತದೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆಗೆದಿಡಿ.

ಒಳ್ಳೆ ಚಿತ್ರಗಳನ್ನು ಹತ್ತಿರದಿಂದ ನೋಡಬೇಕೆಂದರೆ ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ. ನೆಹರೂ ಭಾವಚಿತ್ರ ಬರೆದ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳು ಅಲ್ಲಿವೆ. ಚಿತ್ರಸಂತೆಯಲ್ಲಿ ಎದುರಿಗೆ ಕೂರಿಸಿಕೊಂಡು ಮುಖ ಬರೆಯುವವರನ್ನೂ ನೋಡಬಹುದು. ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಚಿತ್ರಗಳಿವೆ.

ಫೋಟೋ ಇರುವಾಗ ಇದೆಲ್ಲ ಯಾಕೆ ಅನ್ನಬಹುದು. ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಚಿತ್ರ ಬರೆಯಲು ಅಜ್ಜಿಯ ಎದುರು ಗಂಟೆಗಟ್ಟಲೆ ಕೂರಬೇಕು. ಕೊನೆಯ ಸಲ ಹಾಗೆ ಕೂತಿದ್ದು ಯಾವಾಗ?

"ನನ್ನ ಮುಖದಾಗೆ ಏನೈತೆ ಅಂತ ನೋಡ್ತೀಯೋ" ಅಂತ ಅವರು ಬೈಯಬಹುದು. ಬೈಯಲು ಅವರಿರುವಾಗಲೇ ಬರೆಯಿರಿ.